ಖಾನೇಸುಮಾರಿ ಮತ್ತು ಜನಸ್ಮೃತಿ: ಜನಸಂಖ್ಯಾ ಸಂಶೋಧನೆಗೆ ಬಂದ ಅಂತರರಾಷ್ಟ್ರೀಯ ನೆರವು ಹಾಗೂ ಮೈಸೂರಿನ ಅನುಭವ

ಪೀಠಿಕೆ

ಜನರನ್ನು ಎಣಿಸುವ ಕೆಲಸಕ್ಕೆ ಹಳೆಯ ಮೈಸೂರಿನ ದಫ್ತರಗಳಲ್ಲಿ ‘ಖಾನೇಸುಮಾರಿ’ ಎಂಬ ಹೆಸರಿತ್ತು. ಮನೆ ಮನೆಯ ಲೆಕ್ಕ ಎಂಬುದು ಆ ಪದದ ಅರ್ಥ. ತೆರಿಗೆ, ಸೈನ್ಯ, ಬರ ಪರಿಹಾರಗಳ ಕಾರಣಕ್ಕೆ ಪ್ರಭುತ್ವ ನಡೆಸುತ್ತಿದ್ದ ಈ ಲೆಕ್ಕಕ್ಕೆ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹೊಸ ಪಾಲುದಾರರು ಬಂದರು. ವಿಶ್ವಸಂಸ್ಥೆ, ವಿಶ್ವಬ್ಯಾಂಕು, ಶ್ರೀಮಂತ ರಾಷ್ಟ್ರಗಳ ನೆರವಿನ ಇಲಾಖೆಗಳು ಹಾಗೂ ಖಾಸಗಿ ದತ್ತಿ ಸಂಸ್ಥೆಗಳು ಅಭಿವೃದ್ಧಿಶೀಲ ದೇಶಗಳ ಜನಗಣತಿಗೂ ಜನಸಂಖ್ಯಾ ಸಂಶೋಧನೆಗೂ ಹಣ, ತಜ್ಞರು, ಯಂತ್ರಗಳು ಮತ್ತು ಪ್ರಶ್ನಾವಳಿಗಳನ್ನು ಒದಗಿಸತೊಡಗಿದವು.

ಈ ನೆರವಿನ ಚರಿತ್ರೆಯನ್ನು ಅರ್ಥಶಾಸ್ತ್ರಜ್ಞರೂ ಜನಸಂಖ್ಯಾಶಾಸ್ತ್ರಜ್ಞರೂ ವಿಸ್ತಾರವಾಗಿ ಬರೆದಿದ್ದಾರೆ. ಜಾನಪದ ಅಧ್ಯಯನದ ದೃಷ್ಟಿಯಿಂದ ಅದನ್ನು ನೋಡಿದ್ದು ಕಡಿಮೆ. ಹಾಗೆ ನೋಡಬೇಕಾದ ಕಾರಣ ಸರಳವಾಗಿದೆ. ಎಷ್ಟೇ ದೊಡ್ಡ ಸಮೀಕ್ಷೆಯಾದರೂ ಅದು ಕಡೆಗೆ ಒಂದು ಮನೆಯ ಜಗಲಿಯಲ್ಲಿ ಒಬ್ಬ ಗಣತಿದಾರ ಕೇಳುವ ಪ್ರಶ್ನೆಗೂ ಆ ಮನೆಯವರು ಕೊಡುವ ಉತ್ತರಕ್ಕೂ ಬಂದು ನಿಲ್ಲುತ್ತದೆ. ‘ನಿನ್ನ ವಯಸ್ಸೆಷ್ಟು?’, ‘ಎಷ್ಟು ಮಕ್ಕಳು?’, ‘ಇನ್ನೂ ಎಷ್ಟು ಬೇಕು?’ ಎಂಬ ಮೂರು ಪ್ರಶ್ನೆಗಳಿಗೂ ಉತ್ತರ ಬರುವುದು ಜನರ ಸ್ಮೃತಿಯಿಂದ, ಅವರ ಕಾಲಗಣನೆಯಿಂದ, ಅವರ ಮಾತಿನ ಮರ್ಯಾದೆಯಿಂದ. ನೆರವಿನ ಹಣದಿಂದ ಪ್ರಶ್ನೆಯನ್ನು ತರಬಹುದಾಗಿತ್ತು. ಉತ್ತರವನ್ನು ನಾಡೇ ಕೊಡಬೇಕಾಗಿತ್ತು. ಈ ನಂಟನ್ನು ಮೈಸೂರಿನಲ್ಲಿ ನಡೆದ ಅಧ್ಯಯನಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನೆರವಿನ ಹಿನ್ನೆಲೆ

ಎರಡನೆಯ ಮಹಾಯುದ್ಧದ ನಂತರ ಸ್ವತಂತ್ರವಾದ ದೇಶಗಳಲ್ಲಿ ಹಲವಕ್ಕೆ ತಮ್ಮ ಪ್ರಜೆಗಳ ಸಂಖ್ಯೆಯೇ ಖಚಿತವಾಗಿ ತಿಳಿದಿರಲಿಲ್ಲ. ಭಾರತದ ಸ್ಥಿತಿ ಬೇರೆಯಾಗಿತ್ತು. 1872ರಲ್ಲಿ ಆರಂಭವಾಗಿ 1881ರಿಂದ ಹತ್ತು ವರ್ಷಕ್ಕೊಮ್ಮೆ ನಡೆದುಬಂದ ಜನಗಣತಿಯ ಪರಂಪರೆ ಇಲ್ಲಿತ್ತು. ಆದರೆ ಜನನ ಮತ್ತು ಮರಣಗಳ ನೋಂದಣಿ ದುರ್ಬಲವಾಗಿದ್ದುದರಿಂದ ಎರಡು ಗಣತಿಗಳ ನಡುವೆ ಏನಾಗುತ್ತಿದೆ ಎಂಬುದು ಅಸ್ಪಷ್ಟವಾಗಿಯೇ ಉಳಿಯುತ್ತಿತ್ತು.

1952ರಲ್ಲಿ ಮೂರನೆಯ ಜಾನ್ ಡಿ. ರಾಕ್‌ಫೆಲರ್ ಅಮೆರಿಕದಲ್ಲಿ ‘ಪಾಪ್ಯುಲೇಷನ್ ಕೌನ್ಸಿಲ್’ ಸ್ಥಾಪಿಸಿದರು. 1956ರಲ್ಲಿ ಭಾರತ ಸರ್ಕಾರ, ವಿಶ್ವಸಂಸ್ಥೆ ಹಾಗೂ ಸರ್ ದೊರಾಬ್ಜಿ ಟಾಟಾ ಟ್ರಸ್ಟ್ ಕೂಡಿ ಮುಂಬಯಿಯಲ್ಲಿ ಜನಸಂಖ್ಯಾ ತರಬೇತಿ ಮತ್ತು ಸಂಶೋಧನಾ ಕೇಂದ್ರವನ್ನು ತೆರೆದವು. ಇಂದಿನ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ ಅದೇ. ಏಷ್ಯಾದ ಹಲವು ದೇಶಗಳ ಸಂಖ್ಯಾಶಾಸ್ತ್ರಜ್ಞರು ಅಲ್ಲಿ ತರಬೇತಿ ಪಡೆದರು. ಇಂಥವೇ ಕೇಂದ್ರಗಳು ಚಿಲಿಯ ಸ್ಯಾಂಟಿಯಾಗೊ, ಈಜಿಪ್ಟಿನ ಕೈರೊ, ಘಾನಾದ ಅಕ್ರಾ ನಗರಗಳಲ್ಲಿ ಬಂದವು. 1969ರಲ್ಲಿ ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ ಕಾರ್ಯಾರಂಭ ಮಾಡಿತು. ಅದರ ನೆರವಿನಿಂದ 1970ರ ದಶಕದಲ್ಲಿ ನಡೆದ ಆಫ್ರಿಕದ ಗಣತಿ ಕಾರ್ಯಕ್ರಮದಲ್ಲಿ 20ಕ್ಕೂ ಹೆಚ್ಚು ದೇಶಗಳು ಭಾಗವಹಿಸಿದವು. ಅವುಗಳಲ್ಲಿ ಹಲವಕ್ಕೆ ಅದೇ ಮೊದಲ ಪೂರ್ಣ ಜನಗಣತಿ. 1972ರಿಂದ 1984ರವರೆಗೆ ನಡೆದ ವಿಶ್ವ ಫಲವಂತಿಕೆ ಸಮೀಕ್ಷೆ, 1984ರಲ್ಲಿ ಅಮೆರಿಕದ ನೆರವಿನಿಂದ ಆರಂಭವಾದ ಜನಸಂಖ್ಯೆ ಮತ್ತು ಆರೋಗ್ಯ ಸಮೀಕ್ಷೆಗಳು ಇದೇ ಸಾಲಿಗೆ ಸೇರುತ್ತವೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಈ ನೆರವು ಕೇವಲ ಜ್ಞಾನಾಸಕ್ತಿಯಿಂದ ಬಂದುದಲ್ಲ. ಬಡ ದೇಶಗಳ ಜನಸಂಖ್ಯೆ ಮಿತಿಮೀರಿ ಬೆಳೆಯುತ್ತಿದೆ ಎಂಬ ಭೀತಿ ಅದರ ಹಿಂದಿತ್ತು. ಎಣಿಸುವವನ ಹಿಂದೆಯೇ ನಿಯಂತ್ರಿಸುವವನೂ ಬರುತ್ತಾನೆ ಎಂಬ ಸಂಶಯ ಹಳ್ಳಿಗರಲ್ಲಿ ಮೂಡಿದ್ದರೆ ಅದಕ್ಕೆ ಆಧಾರವಿಲ್ಲದಿರಲಿಲ್ಲ. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976-77ರ ಒಂದೇ ವರ್ಷದಲ್ಲಿ, ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು.

ಮೈಸೂರು ಜನಸಂಖ್ಯಾ ಅಧ್ಯಯನ

ಈ ಚರಿತ್ರೆಯ ಮೊದಲ ಅಧ್ಯಾಯಗಳಲ್ಲಿ ಒಂದು ಕನ್ನಡ ನೆಲದಲ್ಲಿ ನಡೆಯಿತು. 1951ರ ಜನಗಣತಿಯ ಬೆನ್ನಿಗೇ, 1951-52ರಲ್ಲಿ, ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಜಂಟಿಯಾಗಿ ಮೈಸೂರು ರಾಜ್ಯದ ಆಯ್ದ ಪ್ರದೇಶಗಳಲ್ಲಿ ಕ್ಷೇತ್ರ ಸಮೀಕ್ಷೆ ಕೈಗೊಂಡವು. ಬೆಂಗಳೂರು ನಗರವೂ ಗ್ರಾಮೀಣ ಪ್ರದೇಶಗಳೂ ಇದರಲ್ಲಿ ಸೇರಿದ್ದವು. ಜನನ, ಮರಣ, ವಿವಾಹ, ವಲಸೆಗಳ ಜೊತೆಗೆ ಕುಟುಂಬದ ಗಾತ್ರದ ಬಗ್ಗೆ ಜನರ ಧೋರಣೆ ಏನೆಂಬುದನ್ನೂ ಕೇಳಲಾಯಿತು. ‘ಮೈಸೂರು ಜನಸಂಖ್ಯಾ ಅಧ್ಯಯನ’ ಎಂಬ ಹೆಸರಿನ ಇದರ ವರದಿಯನ್ನು ವಿಶ್ವಸಂಸ್ಥೆ 1961ರಲ್ಲಿ ಪ್ರಕಟಿಸಿತು. ಕ್ಷೇತ್ರಕಾರ್ಯಕ್ಕೂ ವರದಿಗೂ ನಡುವೆ ಸುಮಾರು ಹತ್ತು ವರ್ಷ ಸಂದುಹೋಗಿತ್ತು. ಅಷ್ಟರಲ್ಲಿ, 1956ರಲ್ಲಿ, ಏಕೀಕರಣವಾಗಿ ವರದಿಯ ಹೆಸರಿನಲ್ಲಿದ್ದ ಮೈಸೂರು ರಾಜ್ಯದ ಗಡಿಗಳೇ ಬದಲಾಗಿದ್ದವು.

ಕುಟುಂಬ ಯೋಜನೆ ಮೈಸೂರಿಗೆ ಹೊಸ ವಿಷಯವಾಗಿರಲಿಲ್ಲ. 1930ರಲ್ಲಿಯೇ ಮೈಸೂರು ಸರ್ಕಾರ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆದಿತ್ತು.

ಈ ಅಧ್ಯಯನದ ಹೊಣೆ ಹೊತ್ತವರಲ್ಲಿ ಪ್ರಮುಖರು ಸಿ. ಚಂದ್ರಶೇಖರನ್. ವಿದೇಶದಿಂದ ಜ್ಞಾನ ಬಂತು, ಇಲ್ಲಿಂದ ಅಂಕಿ-ಅಂಶ ಹೋಯಿತು ಎಂಬ ಸಾಮಾನ್ಯ ತಿಳುವಳಿಕೆಗೆ ಅವರ ಕೆಲಸ ಅಪವಾದ. ಅವರು ಮತ್ತು ಎಡ್ವರ್ಡ್ಸ್ ಡೆಮಿಂಗ್ 1949ರಲ್ಲಿ ಪ್ರಕಟಿಸಿದ ವಿಧಾನವನ್ನು ಮುಂದೆ ಅನೇಕ ದೇಶಗಳು ಬಳಸಿದವು. ಅದಕ್ಕೆ ಆಧಾರವಾದ ಅಂಕಿ-ಅಂಶಗಳು ಬಂಗಾಳದ ಸಿಂಗೂರಿನವು. ವಿಧಾನದ ಸಾರ ಹೀಗಿದೆ: ಒಂದು ಪ್ರದೇಶದ ಜನನಗಳನ್ನು ಪರಸ್ಪರ ಸಂಬಂಧವಿಲ್ಲದ ಎರಡು ಪಟ್ಟಿಗಳಲ್ಲಿ ಬರೆದು ತಾಳೆ ನೋಡುವುದು. ಉದಾಹರಣೆಗೆ ನೋಂದಣಿ ಪುಸ್ತಕದಲ್ಲಿ 80, ಸಮೀಕ್ಷೆಯಲ್ಲಿ 75 ಜನನಗಳಿದ್ದು, ಅವುಗಳಲ್ಲಿ 60 ಎರಡರಲ್ಲಿಯೂ ಇವೆ ಎನ್ನೋಣ. ಮೊದಲನೆಯದರಲ್ಲಿ ಮಾತ್ರ ಇರುವುವು 20, ಎರಡನೆಯದರಲ್ಲಿ ಮಾತ್ರ ಇರುವುವು 15. ಈ ಎರಡನ್ನು ಗುಣಿಸಿ 60ರಿಂದ ಭಾಗಿಸಿದರೆ 5 ಬರುತ್ತದೆ. ಎರಡೂ ಪಟ್ಟಿಗಳಿಂದ ತಪ್ಪಿಹೋದ ಜನನಗಳ ಅಂದಾಜು ಅದು. ಹೀಗೆ ಒಟ್ಟು ಜನನಗಳು 100. ಭಾರತದ ಮಾದರಿ ನೋಂದಣಿ ವ್ಯವಸ್ಥೆಯೂ ಎರಡು ದಾಖಲೆಗಳನ್ನು ತಾಳೆ ನೋಡುವ ತತ್ತ್ವವನ್ನೇ ಅನುಸರಿಸಿದೆ.

ಈ ಲೆಕ್ಕ ನಿಲ್ಲುವುದು ಒಂದು ಷರತ್ತಿನ ಮೇಲೆ. ಒಂದು ಪಟ್ಟಿಯಿಂದ ತಪ್ಪಿದ ಮಗು ಅದೇ ಕಾರಣಕ್ಕೆ ಇನ್ನೊಂದರಿಂದಲೂ ತಪ್ಪಬಾರದು. ನಮ್ಮ ಹಳ್ಳಿಗಳಲ್ಲಿ ಈ ಷರತ್ತು ಮುರಿಯುವ ಜಾಗ ಯಾವುದೆಂದು ಜಾನಪದ ವಿದ್ವಾಂಸರು ಬಲ್ಲರು. ಪುರುಡು ಕಳೆದು, ತೊಟ್ಟಿಲಿಗೆ ಹಾಕಿ, ಹೆಸರಿಡುವವರೆಗೆ ಮಗು ಸಮುದಾಯದ ಲೆಕ್ಕಕ್ಕೆ ಪೂರ್ತಿಯಾಗಿ ಬಂದಿರುವುದಿಲ್ಲ. ಅದಕ್ಕೆ ಮೊದಲೇ ತೀರಿಕೊಂಡ ಕೂಸು ಊರಿನ ದಾಖಲೆಯಲ್ಲಿಯೂ ಇಲ್ಲ, ಸಮೀಕ್ಷೆಯವರ ಮುಂದೆ ಮನೆಯವರ ಬಾಯಲ್ಲಿಯೂ ಇಲ್ಲ. ಗಣಿತ ಹಿಡಿಯಲಾರದ ಈ ಕೂಸನ್ನು ಹಿಡಿಯಬೇಕಾದರೆ ಆಚರಣೆಯ ಅರಿವು ಬೇಕು.

ವಯಸ್ಸಿನ ಲೆಕ್ಕ

ಜನಗಣತಿಯ ವಯಸ್ಸಿನ ಕೋಷ್ಟಕಗಳಲ್ಲಿ 25, 30, 35, 40ರಂಥ ಸಂಖ್ಯೆಗಳಲ್ಲಿ ಜನ ಗುಂಪುಗೂಡಿರುತ್ತಾರೆ. 29, 31ರಲ್ಲಿ ವಿರಳ. ಇದನ್ನು ಅಳೆಯಲು ಸಂಖ್ಯಾಶಾಸ್ತ್ರಜ್ಞರು ವಿಪಲ್ ಸೂಚ್ಯಂಕವನ್ನು ಬಳಸುತ್ತಾರೆ. 23ರಿಂದ 62 ವರ್ಷದೊಳಗಿನವರಲ್ಲಿ ಸೊನ್ನೆ ಅಥವಾ ಐದರಲ್ಲಿ ಕೊನೆಯಾಗುವ ವಯಸ್ಸು ಹೇಳಿದವರ ಪ್ರಮಾಣವನ್ನು ಅದು ಹೇಳುತ್ತದೆ. ಒಲವು ಇಲ್ಲದಿದ್ದರೆ ಸೂಚ್ಯಂಕ 100. ಎಲ್ಲರೂ ಅವೇ ಸಂಖ್ಯೆಗಳನ್ನು ಹೇಳಿದರೆ 500. ಇದನ್ನು ಬಹುಕಾಲ ಜನರ ಅಜ್ಞಾನದ ಅಳತೆಯೆಂದೇ ಓದಲಾಯಿತು.

ವಾಸ್ತವದಲ್ಲಿ ಜನರಿಗೆ ತಾವು ಹುಟ್ಟಿದ ಕಾಲ ಗೊತ್ತಿತ್ತು. ಆ ಕಾಲ ಬೇರೊಂದು ಕ್ರಮದಲ್ಲಿ ದಾಖಲಾಗಿತ್ತು. ಅರವತ್ತು ಸಂವತ್ಸರಗಳ ಚಕ್ರ ಅದರಲ್ಲಿ ಒಂದು. 1952ರ ಆರಂಭದಲ್ಲಿ ಒಬ್ಬ ರೈತ ಮಹಿಳೆ ‘ದುಂದುಭಿ ಸಂವತ್ಸರದಲ್ಲಿ ಹುಟ್ಟಿದೆ’ ಎಂದಿದ್ದರೆ ಅದು 1922-23. ಆಕೆಯ ವಯಸ್ಸು ಸುಮಾರು 29. ಅದೇ ಮಹಿಳೆಗೆ ‘ವಯಸ್ಸೆಷ್ಟು?’ ಎಂದು ಕೇಳಿದರೆ ‘ಮೂವತ್ತಿರಬಹುದು’ ಎಂಬ ಉತ್ತರ ಬರುತ್ತದೆ. ಚಕ್ರ ತಿರುಗಿ ಮತ್ತೆ ಅದೇ ಸಂವತ್ಸರ ಬರಲು ಅರವತ್ತು ವರ್ಷ ಬೇಕಾದ್ದರಿಂದ ಗೊಂದಲಕ್ಕೆ ಅವಕಾಶವಿಲ್ಲ. ಎದುರಿಗಿರುವವರು ಇಪ್ಪತ್ತೊಂಬತ್ತರವರೋ ಎಂಬತ್ತೊಂಬತ್ತರವರೋ ಎಂಬುದನ್ನು ಕಣ್ಣೇ ಹೇಳುತ್ತದೆ.

ಪಂಚಾಂಗದ ಬಳಕೆ ಕಡಿಮೆಯಿದ್ದ ಸಮುದಾಯಗಳು ದೊಡ್ಡ ಘಟನೆಗಳಿಂದ ಕಾಲವನ್ನು ಗುರುತಿಸುತ್ತಿದ್ದವು. 1876-78ರ ಧಾತು-ಈಶ್ವರ ಬರ, 1898ರ ಪ್ಲೇಗು, 1918ರ ಜ್ವರ, ಕನ್ನಂಬಾಡಿ ಕಟ್ಟೆ ಕಟ್ಟಿದ್ದು, 1940ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡದ್ದು ಇಂಥ ಗುರುತುಗಳು. ಬರದ ಹೆಸರು ಸಂವತ್ಸರಗಳಿಂದಲೇ ಬಂದಿರುವುದು ಗಮನಾರ್ಹ. ಆ ಬರದ ಪರಿಣಾಮವನ್ನು ಗಣತಿಯೂ ದಾಖಲಿಸಿದೆ: 1871ರಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಜನಪದರ ನೆನಪೂ ಸರ್ಕಾರದ ಕೋಷ್ಟಕವೂ ಒಂದೇ ದುರಂತವನ್ನು ಎರಡು ಭಾಷೆಗಳಲ್ಲಿ ಹೇಳುತ್ತವೆ.

ಎಳೆಯ ಮಕ್ಕಳ ವಿಷಯದಲ್ಲಿ ತಿಂಗಳ ಲೆಕ್ಕವೂ ಮುಖ್ಯ. ಶಿಶುಮರಣದ ಪ್ರಮಾಣ ನಿಂತಿರುವುದೇ ಮಗು ಒಂದು ವರ್ಷ ತುಂಬುವ ಮೊದಲು ತೀರಿಕೊಂಡಿತೇ ಎಂಬುದರ ಮೇಲೆ. ಇಲ್ಲಿ ಮಳೆ ನಕ್ಷತ್ರಗಳು ಉಪಯೋಗಕ್ಕೆ ಬರುತ್ತವೆ. ಒಂದೊಂದು ಮಳೆಯ ಅವಧಿ ಹದಿಮೂರು-ಹದಿನಾಲ್ಕು ದಿನ. ‘ಆರಿದ್ರಾ ಮಳೆಯಲ್ಲಿ ಹುಟ್ಟಿತು’ ಎಂದರೆ ಜೂನ್ ಕೊನೆಯ ವಾರ ಅಥವಾ ಜುಲೈ ಮೊದಲ ವಾರ. ‘ಕಳೆದ ಹನ್ನೆರಡು ತಿಂಗಳಲ್ಲಿ’ ಎಂದು ಕೇಳಿದಾಗ ಹಿಂದಿನ ವರ್ಷದ ಘಟನೆಗಳೂ ಒಳಗೆ ನುಸುಳುತ್ತವೆ. ‘ಹೋದ ಯುಗಾದಿಯಿಂದ ಈ ಯುಗಾದಿಯವರೆಗೆ’ ಎಂದರೆ ಗಡಿ ನಿಚ್ಚಳವಾಗುತ್ತದೆ.

ಅಂತರರಾಷ್ಟ್ರೀಯ ನೆರವಿನ ತಜ್ಞರು ಇದನ್ನು ಕ್ರಮೇಣ ಕಲಿತರು. ಪ್ರಾದೇಶಿಕ ಘಟನೆಗಳ ಕಾಲಪಟ್ಟಿಯನ್ನು ತಯಾರಿಸಿ ಗಣತಿದಾರರ ಕೈಗೆ ಕೊಡುವ ಕ್ರಮ ಆಫ್ರಿಕದ ಅನೇಕ ಗಣತಿಗಳಲ್ಲಿ ರೂಢಿಗೆ ಬಂತು. ಅರಸರ ಪಟ್ಟಾಭಿಷೇಕ, ಬರ, ಮಿಡತೆಯ ಹಾವಳಿ, ರಸ್ತೆ ಬಂದದ್ದು ಇವೆಲ್ಲ ಗಣತಿಯ ಸಾಧನಗಳಾದವು. ಮೌಖಿಕ ಇತಿಹಾಸ ಸಂಖ್ಯಾಶಾಸ್ತ್ರದ ಉಪಕರಣವಾದ ಅಪೂರ್ವ ಸಂದರ್ಭವಿದು.

ಮಕ್ಕಳ ಲೆಕ್ಕ

ಎರಡನೆಯ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. 1960ರ ದಶಕದಲ್ಲಿ ವಿಲಿಯಂ ಬ್ರಾಸ್ ರೂಪಿಸಿದ ವಿಧಾನದ ಪ್ರಕಾರ, ತಾಯಂದಿರು ಹೆತ್ತ ಮಕ್ಕಳಲ್ಲಿ ಎಷ್ಟು ಜನ ಬದುಕಿದ್ದಾರೆ ಎಂಬುದರಿಂದಲೇ ಬಾಲ್ಯದ ಮರಣ ಪ್ರಮಾಣವನ್ನು ಅಂದಾಜು ಮಾಡಬಹುದು. ನೋಂದಣಿ ಇಲ್ಲದ ದೇಶಗಳಿಗೆ ಇದು ವರವಾಯಿತು. ಆದರೆ ತೀರಿಕೊಂಡ ಮಗುವನ್ನು ತಾಯಿ ಲೆಕ್ಕಕ್ಕೆ ತರದಿದ್ದರೆ ಅಂದಾಜು ಕುಸಿಯುತ್ತದೆ.

ಎಣಿಕೆಯ ಬಗ್ಗೆ ನಮ್ಮ ಜನಪದರಲ್ಲಿ ವಿಧಿ-ನಿಷೇಧಗಳಿವೆ. ಕಣದಲ್ಲಿ ರಾಶಿ ಅಳೆಯುವಾಗ ಮೊದಲ ಕೊಳಗಕ್ಕೆ ‘ಒಂದು’ ಎನ್ನದೆ ‘ಲಾಭ’ ಎನ್ನುವ ವಾಡಿಕೆ ಪರಿಚಿತವಾದುದು. ಮಕ್ಕಳನ್ನು ಎಣಿಸಿ ಹೇಳಿದರೆ ದೃಷ್ಟಿಯಾಗುತ್ತದೆ ಎಂಬ ನಂಬಿಕೆಯೂ ಅಷ್ಟೇ ವ್ಯಾಪಕ. ಹಿಂದಿನ ಮಕ್ಕಳು ಉಳಿಯದಿದ್ದಾಗ ಹೊಸ ಕೂಸನ್ನು ತಿಪ್ಪೆಯ ಮೇಲೆ ಉರುಳಿಸಿ ‘ತಿಪ್ಪ’ ಎಂದೋ ‘ಗುಂಡ’ ಎಂದೋ ಹೆಸರಿಟ್ಟು ಮೃತ್ಯುವಿನ ಕಣ್ಣು ತಪ್ಪಿಸುವ ಸಮಾಜದಲ್ಲಿ, ಅಪರಿಚಿತನೊಬ್ಬ ಕಾಗದ ಹಿಡಿದು ಬಂದು ಮಕ್ಕಳ ಸಂಖ್ಯೆ ಕೇಳುವುದು ಸಾಮಾನ್ಯ ಸಂಗತಿಯಲ್ಲ.

ಆದರೂ ಕೇಳುವ ದಾರಿ ಇದೆ. ‘ಎಷ್ಟು ಮಕ್ಕಳು?’ ಎಂದರೆ ತಾಯಿ ಕಣ್ಣೆದುರಿಗಿರುವ ಮಕ್ಕಳನ್ನು ಹೇಳುತ್ತಾಳೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳು ಎಷ್ಟೋ ಸಲ ಬಿಟ್ಟುಹೋಗುತ್ತಾರೆ. ‘ಎಷ್ಟು ಬಾಣಂತನ ಆಯಿತು?’ ಎಂದರೆ ಆಕೆ ತನ್ನ ದೇಹ ಕಂಡ ಹೆರಿಗೆಗಳನ್ನು ಒಂದೊಂದಾಗಿ ನೆನೆಯುತ್ತಾಳೆ: ಚೊಚ್ಚಲು ತವರಿನಲ್ಲಿ, ಎರಡನೆಯದು ಸುಗ್ಗಿಯಲ್ಲಿ, ಮೂರನೆಯದು ಉಳಿಯಲಿಲ್ಲ. ಸಮೀಕ್ಷೆಗಳ ಪ್ರಶ್ನಾವಳಿಗಳು ಇದೇ ನೆಲೆಗೆ ಬರಲು ‘ಜೊತೆಯಲ್ಲಿರುವವರು’, ‘ಬೇರೆಡೆ ಇರುವವರು’, ‘ತೀರಿಕೊಂಡವರು’ ಎಂದು ಪ್ರಶ್ನೆಯನ್ನು ಮೂರಾಗಿ ಒಡೆದವು. ಹೆಂಗಸರ ಮಾತಿನಲ್ಲಿ ಒಂದೇ ಪದ ಮಾಡುತ್ತಿದ್ದ ಕೆಲಸವದು.

‘ಎಷ್ಟು ಮಕ್ಕಳು ಬೇಕು?’ ಎಂಬ ಧೋರಣೆಯ ಪ್ರಶ್ನೆಗೆ ‘ದೇವರು ಕೊಟ್ಟಷ್ಟು’ ಎಂಬ ಉತ್ತರ ಬಂದಾಗ ಅದನ್ನು ವಿಧಿವಾದವೆಂದು ಓದುವುದು ಸುಲಭ. ಕ್ಷೇತ್ರಕಾರ್ಯ ಮಾಡಿದವರಿಗೆ ಅದು ಅಪರಿಚಿತರ ಮುಂದೆ ಆಡಬೇಕಾದ ಮರ್ಯಾದೆಯ ಮಾತು ಎಂದು ಗೊತ್ತು. ಅದೇ ಹೆಂಗಸು ಬೀಸುವಾಗಲೋ ಕಳೆ ಕೀಳುವಾಗಲೋ ಸಂಗಾತಿಯೊಂದಿಗೆ ಸಾಕಾಗಿದೆ ಎಂದು ಹೇಳಿಕೊಳ್ಳುವುದು ಸಾಧ್ಯ. ಪಂಜಾಬಿನಲ್ಲಿ 1950ರ ದಶಕದಲ್ಲಿ ವಿದೇಶಿ ನೆರವಿನಿಂದ ನಡೆದ ಖನ್ನಾ ಅಧ್ಯಯನದ ಅನುಭವವೂ ಹೀಗೆಯೇ. ಗರ್ಭನಿರೋಧಕ ಮಾತ್ರೆಗಳನ್ನು ಹಳ್ಳಿಗರು ಪಡೆದರು, ಅನೇಕರು ಬಳಸಲಿಲ್ಲ. ಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸಬಾರದೆಂಬ ದಾಕ್ಷಿಣ್ಯದಿಂದ ಪಡೆದಿದ್ದರೆಂಬುದನ್ನು ಮಹಮೂದ್ ಮಮ್ದಾನಿ ಅವರ 1972ರ ವಿಮರ್ಶಾಗ್ರಂಥ ತೋರಿಸಿತು. ಹೊಲಕ್ಕೆ ದುಡಿಯುವ ಕೈಗಳು ಬೇಕಾಗಿದ್ದ ಕುಟುಂಬಕ್ಕೆ ಹೆಚ್ಚು ಮಕ್ಕಳಿರುವುದು ವಿವೇಕದ ನಿರ್ಧಾರವೇ ಆಗಿತ್ತು ಎಂಬುದು ಅವರ ವಾದ.

ರಾಮನಗರದ ಮಣಿಸರ: ತಜ್ಞರ ಐತಿಹ್ಯ

ಮೈಸೂರು ಅಧ್ಯಯನದ ಕಾಲದಲ್ಲಿಯೇ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಇನ್ನೊಂದು ಪ್ರಯೋಗ ನಡೆಯಿತು. ಕೇಂದ್ರ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಅವರ ಕೋರಿಕೆಯ ಮೇರೆಗೆ ಬಂದ ಅಮೆರಿಕದ ವೈದ್ಯ ಅಬ್ರಹಾಂ ಸ್ಟೋನ್, ದೆಹಲಿಯ ಲೋದಿ ಕಾಲೊನಿ ಮತ್ತು ಮೈಸೂರು ರಾಜ್ಯದ ರಾಮನಗರದಲ್ಲಿ ಸುರಕ್ಷಿತ ದಿನಗಳ ವಿಧಾನವನ್ನು ಪರೀಕ್ಷಿಸುವ ವ್ಯವಸ್ಥೆ ಮಾಡಿದರು. ದಿನ ಎಣಿಸಲು ಸಹಾಯವಾಗಲೆಂದು ಬೇರೆ ಬೇರೆ ಬಣ್ಣದ ಮಣಿಗಳ ಸರವನ್ನು ಹೆಂಗಸರಿಗೆ ಕೊಡಲಾಯಿತು. ಬೇರೆ ವಿಧಾನಗಳನ್ನು ಬಿಟ್ಟು ಇದನ್ನೇ ಆರಿಸಿದ್ದರ ಹಿಂದೆ ರಾಜಕಾರಣವೂ ಇತ್ತು. ಸಂತಾನ ನಿಯಂತ್ರಣದ ಕೆಲಸಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಕೈಹಾಕುವುದನ್ನು ಕ್ಯಾಥೊಲಿಕ್ ಪ್ರಭಾವವಿದ್ದ ರಾಷ್ಟ್ರಗಳು 1952ರ ಸಭೆಯಲ್ಲಿ ಬಲವಾಗಿ ವಿರೋಧಿಸಿದ್ದವು. ಪ್ರಯೋಗ ಫಲಿಸಲಿಲ್ಲ, ಕೊನೆಯವರೆಗೆ ಪಾಲಿಸಿದ ದಂಪತಿಗಳು ಕೆಲವರು ಮಾತ್ರ.

ಜಾನಪದ ವಿದ್ವಾಂಸರ ಆಸಕ್ತಿಗೆ ಅರ್ಹವಾದುದು ಆನಂತರದ ಸಂಗತಿ. ಜನಸಂಖ್ಯಾ ತಜ್ಞರ ಬರಹ ಮತ್ತು ಭಾಷಣಗಳಲ್ಲಿ ಈ ಮಣಿಸರದ ಕಥೆಗಳು ಹಬ್ಬಿದವು. ಸರ ಕಟ್ಟಿಕೊಂಡರೆ ಸಾಕು, ಗರ್ಭ ನಿಲ್ಲುವುದಿಲ್ಲವೆಂದು ಹೆಂಗಸರು ನಂಬಿದರಂತೆ. ಮಣಿಯನ್ನು ಮುಂದಕ್ಕೆ ತಳ್ಳಿದರೆ ದಿನವೇ ಸುರಕ್ಷಿತವಾಗುತ್ತದೆ ಎಂದುಕೊಂಡರಂತೆ. ಈ ಕಥೆಗಳಿಗೆ ಐತಿಹ್ಯದ ಲಕ್ಷಣಗಳೆಲ್ಲವೂ ಇವೆ: ನಿಶ್ಚಿತ ಸ್ಥಳ, ಅನಾಮಿಕ ಪಾತ್ರ, ಹಲವು ಪಾಠಾಂತರಗಳು, ಕೊನೆಗೊಂದು ನೀತಿ. ‘ಹಳ್ಳಿಯ ಹೆಂಗಸಿಗೆ ತಿಳಿಯಲಿಲ್ಲ’ ಎಂಬುದು ಆ ನೀತಿ. ಆದರೆ ತಿಂಗಳಿಗೊಮ್ಮೆ ಹೊರಗಾಗುವ ದಿನಗಳ ಲೆಕ್ಕವನ್ನು ಆಚರಣೆಯ ಭಾಗವಾಗಿಯೇ ಇಟ್ಟುಕೊಂಡಿದ್ದ ಹೆಂಗಸರಿಗೆ ಎಣಿಸಲು ಬರುತ್ತಿರಲಿಲ್ಲವೆಂಬುದು ಒಪ್ಪತಕ್ಕ ಮಾತಲ್ಲ. ದಂಪತಿಗಳ ಗುಟ್ಟನ್ನು ಕೊರಳಲ್ಲಿ ತೂಗುಹಾಕಿಕೊಂಡು ಅತ್ತೆ, ನಾದಿನಿಯರ ನಡುವೆ ಓಡಾಡಬೇಕಾದ ಮುಜುಗರ, ಗಂಡನ ಒಪ್ಪಿಗೆಯಿಲ್ಲದೆ ನಡೆಯದ ವಿಧಾನ ಇವು ಹೆಚ್ಚು ಸಹಜ ಕಾರಣಗಳು. ಯೋಜನೆಯ ಸೋಲನ್ನು ಜನರ ಅಜ್ಞಾನಕ್ಕೆ ಕಟ್ಟುವ ಕಥನ ಎಷ್ಟು ಸಲೀಸಾಗಿ ಹುಟ್ಟುತ್ತದೆ ಎಂಬುದಕ್ಕೆ ಇದು ನಿದರ್ಶನ.

ಹಳ್ಳಿಯಲ್ಲಿ ಕುಳಿತ ಸಂಶೋಧನೆ

ನೆರವಿನ ಇನ್ನೊಂದು ಮುಖವನ್ನೂ ಕರ್ನಾಟಕ ಕಂಡಿದೆ. 1972ರ ಒಪ್ಪಂದದಂತೆ ವಿಶ್ವಬ್ಯಾಂಕ್ ಸಮೂಹ ಮತ್ತು ಸ್ವೀಡನ್ನಿನ ನೆರವಿನಿಂದ ಭಾರತ ಜನಸಂಖ್ಯಾ ಯೋಜನೆ ಉತ್ತರ ಪ್ರದೇಶ ಮತ್ತು ಕರ್ನಾಟಕದಲ್ಲಿ ಆರಂಭವಾಯಿತು. ಅದರ ಅಂಗವಾಗಿ ಲಖನೌ ಮತ್ತು ಬೆಂಗಳೂರುಗಳಲ್ಲಿ ಜನಸಂಖ್ಯಾ ಕೇಂದ್ರಗಳು ಬಂದವು. ಬೆಂಗಳೂರು ಕೇಂದ್ರದ ಪಿ. ಎಚ್. ರೆಡ್ಡಿ ಅವರು ಆಸ್ಟ್ರೇಲಿಯದ ಜಾನ್ ಕಾಲ್ಡ್‌ವೆಲ್ ಮತ್ತು ಪ್ಯಾಟ್ ಕಾಲ್ಡ್‌ವೆಲ್ ಅವರೊಂದಿಗೆ 1979ರಿಂದ ಗ್ರಾಮೀಣ ಕರ್ನಾಟಕದಲ್ಲಿ ನಡೆಸಿದ ಅಧ್ಯಯನ 1988ರಲ್ಲಿ ಗ್ರಂಥವಾಗಿ ಬಂತು. ದೊಡ್ಡ ಪ್ರಶ್ನಾವಳಿಯನ್ನು ನೆಚ್ಚದೆ, ಕೆಲವೇ ಹಳ್ಳಿಗಳಲ್ಲಿ ಮತ್ತೆ ಮತ್ತೆ ಮಾತಾಡಿ, ಉತ್ತರಗಳ ಹಿಂದಿನ ಕಾರಣಗಳನ್ನು ಅವರು ಹುಡುಕಿದರು. ತೆರ ಕೊಡುವ ಪದ್ಧತಿ ಹಿಂದೆ ಸರಿದು ವರದಕ್ಷಿಣೆ ಬಂದದ್ದು, ಮದುವೆಯ ವಯಸ್ಸು ಏರಿದ್ದು, ಮಕ್ಕಳನ್ನು ಓದಿಸುವ ಖರ್ಚು ಇವೆಲ್ಲ ಜನನ ಪ್ರಮಾಣದೊಂದಿಗೆ ಹೇಗೆ ಹೆಣೆದುಕೊಂಡಿವೆ ಎಂಬುದು ಆಗ ಗೋಚರವಾಯಿತು. ವಿಧಾನದ ದೃಷ್ಟಿಯಿಂದ ಇದು ಜಾನಪದ ಕ್ಷೇತ್ರಕಾರ್ಯದ ನೆರೆಮನೆಯ ಕೆಲಸ.

ಸಮಾರೋಪ

ಅಂತರರಾಷ್ಟ್ರೀಯ ನೆರವು ಶಾಶ್ವತವಲ್ಲ. ನಲವತ್ತು ವರ್ಷಗಳಲ್ಲಿ 90ಕ್ಕೂ ಹೆಚ್ಚು ದೇಶಗಳಲ್ಲಿ 400ಕ್ಕೂ ಹೆಚ್ಚು ಸಮೀಕ್ಷೆಗಳಿಗೆ ಬೆಂಬಲ ನೀಡಿದ್ದ ಜನಸಂಖ್ಯೆ ಮತ್ತು ಆರೋಗ್ಯ ಸಮೀಕ್ಷಾ ಕಾರ್ಯಕ್ರಮಕ್ಕೆ ಅಮೆರಿಕ ಸರ್ಕಾರ 2025ರ ಆರಂಭದಲ್ಲಿ ಹಣ ನಿಲ್ಲಿಸಿತು. ತಮ್ಮದೇ ಸಂಸ್ಥೆ, ತಮ್ಮದೇ ತಜ್ಞರನ್ನು ಬೆಳೆಸಿಕೊಂಡ ದೇಶಗಳು ಇದನ್ನು ತಾಳಿಕೊಳ್ಳಬಲ್ಲವು. ಉಳಿದವುಗಳಲ್ಲಿ ತಾಯಂದಿರ, ಕೂಸುಗಳ ಸಾವು ಮತ್ತೆ ಲೆಕ್ಕದಿಂದ ಜಾರುವ ಅಪಾಯವಿದೆ. ಲೆಕ್ಕದಿಂದ ಜಾರಿದ ಸಾವಿಗೆ ಔಷಧಿಯೂ ತಲುಪುವುದಿಲ್ಲ.

ಭಾರತದಲ್ಲಿ 2011ರ ನಂತರದ ಜನಗಣತಿಗೆ 2027ರ ಮಾರ್ಚ್ 1 ಅನ್ನು ಉಲ್ಲೇಖ ದಿನಾಂಕವಾಗಿಸಿ 2025ರ ಜೂನ್ 16ರಂದು ಅಧಿಸೂಚನೆ ಹೊರಟಿತು. ಇದು ಡಿಜಿಟಲ್ ಗಣತಿ. ಉಪಕರಣ ಬದಲಾದರೂ ಜಗಲಿಯ ಮೇಲಿನ ಪ್ರಶ್ನೋತ್ತರ ಬದಲಾಗುವುದಿಲ್ಲ. ಜನನ ಪ್ರಮಾಣಪತ್ರವಿಲ್ಲದ ವೃದ್ಧರ, ಅಲೆಮಾರಿಗಳ, ಕಾಡಂಚಿನ ಸಮುದಾಯಗಳ ವಯಸ್ಸು ಇಂದಿಗೂ ನೆನಪಿನಲ್ಲಿಯೇ ಇದೆ. ವೃದ್ಧಾಪ್ಯ ವೇತನದಂಥ ಸೌಲಭ್ಯ ವಯಸ್ಸಿನ ಒಂದು ಅಂಕಿಯನ್ನು ಅವಲಂಬಿಸಿರುವಾಗ ಅಂದಾಜಿನ ‘ಐವತ್ತೈದು’ ಬಡವರ ಅನ್ನವನ್ನೇ ಕಸಿಯಬಹುದು.

ಆದ್ದರಿಂದ ತಾಲ್ಲೂಕುವಾರು ಜನಪದ ಕಾಲಪಟ್ಟಿಗಳನ್ನು ಸಂಗ್ರಹಿಸುವುದು ತುರ್ತಿನ ಕೆಲಸ. ಯಾವ ಬರಕ್ಕೆ ಯಾವ ಹೆಸರು, ಯಾವ ವರ್ಷ ಕೆರೆ ಒಡೆಯಿತು, ಯಾವ ವರ್ಷ ತೇರು ನಿಂತಿತು, ಊರಿಗೆ ದೀಪ ಬಂದದ್ದು ಯಾವಾಗ ಎಂಬುದನ್ನು ಹಿರಿಯ ವಕ್ತೃಗಳು ಇರುವಾಗಲೇ ದಾಖಲಿಸಿ, ಸಂವತ್ಸರಗಳೊಂದಿಗೆ ತಾಳೆ ನೋಡಿ, ಗ್ರಂಥಾಲಯಗಳಲ್ಲಿಯೂ ಗಣತಿದಾರರ ಕೈಪಿಡಿಯಲ್ಲಿಯೂ ಸಿಗುವಂತೆ ಮಾಡಬೇಕು. ವಿಶ್ವವಿದ್ಯಾಲಯಗಳ ಜಾನಪದ ವಿಭಾಗಗಳೂ ಅಕಾಡೆಮಿಗಳೂ ಕೂಡಿ ಮಾಡಬಹುದಾದ ಈ ಕೆಲಸಕ್ಕೆ ವಿದೇಶದ ನೆರವು ಬೇಕಾಗಿಲ್ಲ.